ಉಸಿರೋ, ಮೆತ್ತಾವೋ?

ಅಶೋಕನ ಹೆಸರೇ ಇರುವ ಶಾಸನ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ. ಅದೇ ರಾಯಚೂರು ಸೀಮೆಯ ಸ್ವಸಹಾಯ ಸಂಘಗಳಲ್ಲಿ ಆಪ್ತಸಮಾಲೋಚನೆ ಮಾಡುವವರು ಯಾವ ಬೌದ್ಧ ಅಭ್ಯಾಸ ಆರಿಸಬೇಕು?

ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟವರಿಗೆ ಆನಾಪಾನಸತಿ, ಅಂದರೆ ಉಸಿರನ್ನು ಗಮನಿಸುವ ಧ್ಯಾನ, ಸುಲಭ: ಹತ್ತು ನಿಮಿಷ, ಉಸಿರನ್ನು 1ರಿಂದ 10ರವರೆಗೆ ಎಣಿಸುವುದು, ತಪ್ಪಿದರೆ ಮತ್ತೆ 1ರಿಂದ. ಉಸಿರನ್ನು ಜೋರಾಗಿ ಎಳೆದರೆ ತಲೆ ಸುತ್ತೀತು. ಅದರ ಪಾಡಿಗೆ ಬಿಡಬೇಕು. ಆಘಾತ ಕಂಡವರಿಗೆ ಕಣ್ಣು ಮುಚ್ಚಿದೊಡನೆ ಹಳೆಯದೆಲ್ಲ ನುಗ್ಗಬಹುದು. ಅಂಥವರು ಕಣ್ಣು ತೆರೆದೇ ಕೂತು, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಲಿ. ಹೊಸ ಗುಂಪಿಗೆ ಮೊದಲು ಕಲಿಸಬೇಕಾದ್ದು ಈ ಉಸಿರಿನ ಅಭ್ಯಾಸವನ್ನೇ.

ಮುನಿಸು, ಮನಸ್ತಾಪಕ್ಕೆ ಮೆತ್ತಾ, ಅಂದರೆ ಮೈತ್ರಿಯ ಧ್ಯಾನ. ಒಳಿತಾಗಲಿ ಎಂದು ಹಾರೈಸುವ ಸಾಲು ಹೀಗೆ: ತಾನು, ಆಪ್ತರು, ಒಲವೂ ಹಗೆಯೂ ಇಲ್ಲದವರು, ಕೊನೆಗೆ ಹಗೆಯವರು. ತನ್ನನ್ನೇ ಹಳಿದುಕೊಳ್ಳುವವರು ಮಗುವಿನಿಂದ ಶುರುಮಾಡಲಿ. ಹೊಡೆಯುವ ಗಂಡನಿಗೆ ಮೈತ್ರಿ ತೋರು ಎನ್ನುವುದು ಮಾತ್ರ ಅನ್ಯಾಯ. ಅಲ್ಲಿ ಮೊದಲು ಮಹಿಳಾ ಸಹಾಯವಾಣಿ 181. ಸಾಯುವ ಮಾತು ಬಂದರೆ ಎರಡನ್ನೂ ಬದಿಗಿಟ್ಟು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು.