ಎಬೋರಾಕಂ ನಡಿಗೆ: ಬೀದಿಯ ಗೆರೆ ಸಿಕ್ಕಿತು, ನಕ್ಷೆ ಸಿಗಲಿಲ್ಲ

ಇಂಗ್ಲೆಂಡಿನ ಯಾರ್ಕ್ ನಗರವನ್ನು ರೋಮನ್ನರು ಎಬೋರಾಕಂ ಎಂದು ಕರೆಯುತ್ತಿದ್ದರು. ಆ ಹಳೆಯ ಪಟ್ಟಣವನ್ನು ತೋರಿಸುವ ಎರಡು ಗಂಟೆಯ ಕಾಲ್ನಡಿಗೆಗೆ ಹಣ ಕಟ್ಟಿ ಹೋಗಿದ್ದೆ. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದವನು ನಾನು. ಯಾವ ಊರಿಗೆ ಹೋದರೂ ಕಣ್ಣು ಮೊದಲು ಬೀಳುವುದು ರಸ್ತೆಯ ಗೆರೆಯ ಮೇಲೆ.

ಮೊದಲ ಅರ್ಧ ಗಂಟೆ ನನಗೆ ಹಬ್ಬ. ಕ್ರಿ.ಶ. 71ರಲ್ಲಿ ಒಂಬತ್ತನೆಯ ಲೀಜನ್ ಎಂಬ ದಂಡು ಇಲ್ಲಿ ಸುಮಾರು 50 ಎಕರೆಯ ಕೋಟೆ ಕಟ್ಟಿತು. ಅದರ ಮುಖ್ಯ ಬೀದಿಗಳ ಜಾಡಿನಲ್ಲೇ ಇಂದಿನ ಸ್ಟೋನ್‌ಗೇಟ್, ಹೈ ಪೀಟರ್‌ಗೇಟ್ ಬೀದಿಗಳು ಸಾಗುತ್ತವೆ. ಅವೆರಡೂ ಕೂಡುವಲ್ಲಿ ನಮ್ಮನ್ನು ನಿಲ್ಲಿಸಿ ಮಾರ್ಗದರ್ಶಿ ಯುವತಿ ಕೈಚಾಚಿದರು. ಬೀದಿಗಳದ್ದು ಒಂದು ದಿಕ್ಕು, ಎದುರಿನ ಮಹಾಚರ್ಚಿನದು ಇನ್ನೊಂದು. ಕೋಟೆ ನದಿಯ ಕಡೆ ಮುಖ ಮಾಡಿತ್ತು. ಪೂರ್ವಕ್ಕೆ ಮುಖ ಮಾಡಬೇಕಾದ ಚರ್ಚು ಅದೇ ದಂಡಿನ ಕೇಂದ್ರಕಟ್ಟಡದ ಮೇಲೆ ಓರೆಯಾಗಿ ಕುಳಿತಿದೆ. ದಿಕ್ಸೂಚಿ ತೆಗೆದು ನೋಡಿ ಬಹಳ ಸಂತೋಷಪಟ್ಟೆ. ಎಬೋರಾಕಂ ಮೊದಲು ಇಯೊಫೊರ್‌ವಿಕ್, ವೈಕಿಂಗರ ಬಾಯಲ್ಲಿ ಯೋರ್ವಿಕ್, ಕೊನೆಗೆ ಯಾರ್ಕ್ ಆದ ಬಗೆಯನ್ನೂ ಅವರು ಚೆನ್ನಾಗಿ ಹೇಳಿದರು. ಇಲ್ಲಿನ ಆರ್ಚ್‌ಬಿಷಪ್ ಇಂದಿಗೂ ತಮ್ಮ ಹೆಸರಿನ ನಂತರ ‘ಎಬೋರ್’ ಎಂದು ಸೇರಿಸಿಯೇ ಸಹಿ ಮಾಡುತ್ತಾರಂತೆ.

ಆದರೆ ಇಷ್ಟೆಲ್ಲ ಹೇಳುವವರು ಕೈಗೊಂದು ನಕ್ಷೆ ಕೊಡಬೇಡವೇ? ಹಿಂದೆ ನಿಂತವರಿಗೆ ಕೈ ಎತ್ತ ತೋರಿಸುತ್ತಿದೆ ಎಂಬುದೇ ಕಾಣುತ್ತಿರಲಿಲ್ಲ. ಮುಂದಿನ ನಲವತ್ತು ನಿಮಿಷ ಚಕ್ರವರ್ತಿಗಳಿಗೇ ಹೋಯಿತು: 211ರಲ್ಲಿ ಇಲ್ಲಿ ತೀರಿಕೊಂಡ ಸೆವೆರಸ್, 306ರಲ್ಲಿ ಸೈನಿಕರು ಇಲ್ಲೇ ಪಟ್ಟಕ್ಕೇರಿಸಿದ ಕಾನ್‌ಸ್ಟಂಟೈನ್. ಚರ್ಚಿನಡಿಯ ಅಗೆತದಲ್ಲಿ 1969ರಲ್ಲಿ ಸಿಕ್ಕಿ, ಈಗ ಬಯಲಿನಲ್ಲಿ ನಿಂತಿರುವ ರೋಮನ್ ಕಂಬದ ಬಗ್ಗೆ ಮಾತ್ರ ಎರಡೇ ಮಾತು. ಉದ್ಯಾನದ ಮಲ್ಟ್ಯಾಂಗ್ಯುಲರ್ (ಹಲವು ಮೂಲೆಗಳ) ಬುರುಜಿನ ಬಳಿಯೂ ಅವಸರ. ಅಲ್ಲಿ ಗೋಡೆಯೇ ಪಾಠ ಹೇಳುತ್ತದೆ: ಕೆಳಗೆ ಕೆಂಪು ಇಟ್ಟಿಗೆಯ ಪಟ್ಟಿ ಸೇರಿಸಿ ಕಟ್ಟಿದ ರೋಮನ್ನರ ಸಣ್ಣ ಕಲ್ಲುಗಳು, ಮೇಲೆ ಮಧ್ಯಯುಗದ ದಪ್ಪ ಕಲ್ಲುಗಳು. ನಡಿಗೆ ಅಲ್ಲಿಗೇ ಮುಗಿಯಿತು.

ಮರುದಿನ ಅದೇ ಉದ್ಯಾನದಲ್ಲಿರುವ ಯಾರ್ಕ್‌ಷೈರ್ ಮ್ಯೂಸಿಯಂಗೆ ನಾನೊಬ್ಬನೇ ಹೋದೆ. ಒಂಬತ್ತನೆಯ ಲೀಜನ್ನಿನ ಧ್ವಜಧಾರಿ ಲೂಸಿಯಸ್ ಡಕ್ಸಿಯಸ್ ರುಫೀನಸ್‌ನ ಸಮಾಧಿಗಲ್ಲು ಅಲ್ಲಿದೆ. ದಕ್ಷಿಣ ಫ್ರಾನ್ಸಿನ ವಿಯೆನ್‌ನಿಂದ ಬಂದವನು. ಅಕ್ಷರ ಕೂಡಿಸಿಕೊಂಡು ಓದಿದೆ. ಅವನ ವಯಸ್ಸನ್ನು ಕೊರೆದಿರುವುದು ಹೀಗೆ: ಎರಡು ಹತ್ತು, ಆಮೇಲೆ ಹತ್ತಕ್ಕೆ ಎರಡು ಕಡಿಮೆ. ಇಪ್ಪತ್ತೆಂಟು. ನಡಿಗೆ ನಡೆಸುವವರು ಚಕ್ರವರ್ತಿಗಳ ಪಾಲಿನಿಂದ ಹತ್ತು ನಿಮಿಷ ಉಳಿಸಿ, ಜನರನ್ನು ಈ ಕಲ್ಲಿನವರೆಗೂ ಕರೆತರಬೇಕು.