ಸೋರಿಕೆ ಹುಡುಕುವ ಬಣ್ಣ ಮತ್ತು ಅತಿನೇರಳೆ ಟಾರ್ಚ್: ಹಳೆಯ ಬೈಕಿನಲ್ಲಿ ಮೂರು ವರ್ಷದ ಬಳಕೆ

ನನ್ನ ಬೈಕು 1998ರ ಮಾದರಿ. ಒಂದೇ ಸಿಲಿಂಡರ್, ಗಾಳಿಯಲ್ಲೇ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಮೂರು ವರ್ಷಗಳ ಹಿಂದೆ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲ ಕಪ್ಪು ಕಲೆ ಕಾಣಿಸತೊಡಗಿತು. ತೋರಿಸಿದಾಗ ಮೆಕ್ಯಾನಿಕ್ ಒಬ್ಬರು ಒದ್ದೆಯಾಗಿದ್ದ, ಎಂಜಿನ್ ತಣಿಸುವ ಲೋಹದ ಫಿನ್‌ಗಳ ಮೇಲೆ ಕಣ್ಣಾಡಿಸಿ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗ ಮತ್ತು ಸಿಲಿಂಡರ್ ನಡುವಿನ ಪದರ) ಹೋಗಿದೆ, ಎಂಜಿನ್ ಬಿಚ್ಚಲೇಬೇಕು ಎಂದರು. ಎಲ್ಲಿಂದ ಸೋರುತ್ತಿದೆ ಎಂದು ಕಣ್ಣಾರೆ ಕಾಣದೆ ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಆಗ ಕೊಂಡದ್ದು ಈ ಸೆಟ್: ಎಂಜಿನ್ ಆಯಿಲ್‌ಗೆ ಬೆರೆಸುವ ಬಣ್ಣದ ಪುಟ್ಟ ಸೀಸೆ, ಒಂದು ಅತಿನೇರಳೆ ಟಾರ್ಚ್, ಹಳದಿ ಗಾಜಿನ ಕನ್ನಡಕ.

ಇದರ ಕೆಲಸ ಸರಳ. ಬಣ್ಣ ಆಯಿಲ್‌ನಲ್ಲಿ ಕರಗಿ ಎಂಜಿನ್ ತುಂಬಾ ಓಡಾಡುತ್ತದೆ. ಆಯಿಲ್ ಹೊರಗೆ ಜಿನುಗಿದ ಕಡೆಯೆಲ್ಲ ಅದೂ ಬರುತ್ತದೆ. ಕತ್ತಲೆಯಲ್ಲಿ ಟಾರ್ಚ್ ಹಿಡಿದರೆ ಆ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಆದರೆ ಹೊಳಪನ್ನು ನಂಬಬೇಕಾದರೆ ಎಂಜಿನ್ ಮೊದಲು ಶುಚಿಯಾಗಿರಬೇಕು, ಮತ್ತು ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ವರ್ಷಗಳ ಜಿಡ್ಡಿನ ಮೇಲೆ ಬಣ್ಣದ ಆಯಿಲ್ ಹರಡಿಕೊಂಡರೆ ಇಡೀ ಎಂಜಿನ್ ಹೊಳೆಯುತ್ತದೆ, ಮೂಲ ಮಾತ್ರ ಸಿಗುವುದಿಲ್ಲ. ನಾನು ಡಿಗ್ರೀಸರ್ ಹಚ್ಚಿ ಹಲ್ಲುಜ್ಜುವ ಬ್ರಷ್‌ನಿಂದ ಫಿನ್‌ಗಳ ಸಂದುಗಳನ್ನು ಒಂದೊಂದಾಗಿ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಿದೆ. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಆಯಿಲ್ ಮಟ್ಟವನ್ನು ಬೈಕ್ ನೇರವಾಗಿ ನಿಲ್ಲಿಸಿ ನೋಡಿದೆ. ಮಿತಿಗಿಂತ ಹೆಚ್ಚು ತುಂಬಿದ ಆಯಿಲ್ ತಾನಾಗಿಯೇ ದಾರಿ ಹುಡುಕಿಕೊಂಡು ಹೊರಬರುತ್ತದೆ, ಅದನ್ನು ಸೋರಿಕೆಯೆಂದು ತಿಳಿದು ಬೆನ್ನು ಹತ್ತುವುದು ವ್ಯರ್ಥ.

ಮೊದಲ ಸಲ ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ದೀಪ ಆರಿಸಿ ನೋಡಿದಾಗ ಹೆಡ್ ಮತ್ತು ಬೋರ್ (ಸಿಲಿಂಡರ್) ಕೂಡುವ ಗೆರೆಯ ಸುತ್ತ ಹೊಳಪಿತ್ತು. ಮೆಕ್ಯಾನಿಕ್ ಹೇಳಿದ್ದೇ ಸರಿಯೇನೋ ಅನ್ನಿಸಿತು. ಟಾರ್ಚನ್ನು ನಿಧಾನವಾಗಿ ಮೇಲಕ್ಕೆ ಒಯ್ದೆ. ಹೊಳಪು ಅಲ್ಲಿಗೇ ನಿಲ್ಲದೆ ತೆಳುವಾದ ಗೆರೆಯಾಗಿ ಮೇಲೇರಿ, ವಾಲ್ವ್ ಸರಿಹೊಂದಿಸಲು ಬಿಚ್ಚುವ ಮುಚ್ಚಳವಾದ ಟ್ಯಾಪೆಟ್ ಕ್ಯಾಪ್‌ನ ಅಂಚಿಗೆ ಹೋಗಿ ಸೇರಿತ್ತು. ಅದರಿಂದ ಮೇಲೆ ಎಲ್ಲವೂ ಒಣ. ಸೋರಿದ ಆಯಿಲ್ ತೂಕಕ್ಕೆ ಕೆಳಗಿಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲೆ ಮತ್ತು ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವನ್ನೇ ಮೊದಲು ಶಂಕಿಸಬೇಕು. ಕ್ಯಾಪ್ ಬಿಚ್ಚಿದಾಗ ಒಳಗಿನ ರಬ್ಬರ್ ಬಳೆ, ಅಂದರೆ ಒ-ರಿಂಗ್, ದುಂಡಗಿನ ಆಕಾರ ಕಳೆದುಕೊಂಡು ಚಪ್ಪಟೆಯಾಗಿತ್ತು, ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿಯಾಗಿತ್ತು. ಹೊಸದು ಹಾಕಲು ಹತ್ತು ನಿಮಿಷ ಸಾಕಾಯಿತು. ಹೆಡ್ ಗ್ಯಾಸ್ಕೆಟ್ ಇಂದಿಗೂ ಹಳೆಯದೇ ಇದೆ.

ಆದರೆ ಇನ್ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಅದೇ ಕ್ಯಾಪ್ ಮತ್ತೆ ಬೆವರತೊಡಗಿತು. ಈ ಸೆಟ್ ಕೊಳ್ಳುವವರು ತಿಳಿದಿರಬೇಕಾದ ಮಿತಿ ಇಲ್ಲಿದೆ: ಬಣ್ಣ ಜಾಗವನ್ನು ತೋರಿಸುತ್ತದೆ, ಕಾರಣವನ್ನು ನಾವೇ ಹುಡುಕಬೇಕು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಎಂಜಿನ್ನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ನೆನಪಾಯಿತು. ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗುವ ಅದರ ತುದಿಯಲ್ಲಿ ಆಯಿಲ್, ತೇವ ಮತ್ತು ದೂಳು ಸೇರಿ ಬೂದು ಬಣ್ಣದ ಮುದ್ದೆಯೇ ಕಟ್ಟಿತ್ತು. ಪಿಸ್ಟನ್ ಪ್ರತಿ ಸಲ ಕೆಳಗಿಳಿದಾಗಲೂ ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್ ಕೇಸಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಬಂದ ಅನಿಲವೂ ಅದಕ್ಕೆ ಸೇರುತ್ತದೆ. ಹೊರಹೋಗುವ ದಾರಿ ಮುಚ್ಚಿದರೆ ಆ ಒತ್ತಡ ಅತ್ಯಂತ ದುರ್ಬಲವಾದ ಸೀಲ್ ಯಾವುದೋ ಅದರ ಮೂಲಕ ಆಯಿಲನ್ನು ಹೊರತಳ್ಳುತ್ತದೆ. ಪೈಪ್ ತೊಳೆದು ಹಾಕಿದ ಮೇಲೆ ಕ್ಯಾಪ್ ಒಣಗಿತು, ಇಂದಿನವರೆಗೂ ಒಣಗಿಯೇ ಇದೆ. ಹಳೆಯ ಬೈಕಿನಲ್ಲಿ ಎರಡು ಮೂರು ಕಡೆ ಒಟ್ಟಿಗೆ ಸೋರತೊಡಗಿದರೆ ಮೊದಲು ಬ್ರೀದರ್ ನೋಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಬ್ರೀದರ್ ತೆರೆದಿದ್ದೂ ಅದರಿಂದ ಹೊಗೆ ಬುಸುಗುಡುತ್ತಿದ್ದರೆ ರಿಂಗ್ ಅಥವಾ ಬೋರ್ ಸವೆದಿರಬಹುದು; ಆಗ ಎಷ್ಟು ಸೀಲ್ ಬದಲಿಸಿದರೂ ಪ್ರಯೋಜನವಿಲ್ಲ.

ಎರಡನೆಯ ವರ್ಷ ಚೈನ್ ಎಳೆಯುವ ಮುಂದಿನ ಸ್ಪ್ರಾಕೆಟ್ (ಹಲ್ಲುಚಕ್ರ) ಹತ್ತಿರ ಒದ್ದೆ ಕಂಡಿತು. ಅಲ್ಲಿ ಚೈನಿಗೆ ಹಾಕುವ ಲೂಬ್ ಕೂಡ ಸಿಡಿದು ಮೆತ್ತಿಕೊಳ್ಳುವುದರಿಂದ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಬಳಸುವ ಚೈನ್ ಲೂಬ್ ಈ ಬೆಳಕಿಗೆ ಹೊಳೆಯುವುದಿಲ್ಲ ಎಂದು ಮೊದಲೇ ಒಂದು ಹನಿ ಹಾಕಿ ನೋಡಿಕೊಂಡಿದ್ದೆ. ಗೇರ್ ಬದಲಿಸುವ ಲಿವರ್ ಕೂರುವ ಶಾಫ್ಟಿನ ಸೀಲ್ ಸುತ್ತ ಏನೂ ಇರಲಿಲ್ಲ. ಸ್ಪ್ರಾಕೆಟ್ ಬಿಚ್ಚಿದರೆ ಹೊಳಪು ಸ್ಪ್ರಾಕೆಟ್ ಶಾಫ್ಟಿನ ಆಯಿಲ್ ಸೀಲಿನ ತುಟಿಯಲ್ಲಿ ಅಷ್ಟಾಗಿ ಇರಲಿಲ್ಲ. ಶಾಫ್ಟಿನ ಹಲ್ಲುಗಳ ನಡುವೆ ಗಾಢವಾಗಿತ್ತು. ಅಂದರೆ ಸೀಲ್ ಒಳಗೆ ಕೂರುವ ಕಾಲರ್ ಮತ್ತು ಶಾಫ್ಟಿನ ನಡುವಿನ ಸಣ್ಣ ಒ-ರಿಂಗ್ ಹೋಗಿತ್ತು. ಬಣ್ಣವಿಲ್ಲದಿದ್ದರೆ ದೊಡ್ಡ ಸೀಲನ್ನಷ್ಟೇ ಬದಲಿಸಿ, ಮತ್ತೆ ಸೋರಿದಾಗ ಹೊಸ ಸೀಲನ್ನೇ ದೂರುತ್ತಿದ್ದೆ. ಹೇಗೂ ಬಿಚ್ಚಿದ್ದರಿಂದ ಎರಡನ್ನೂ ಹೊಸದು ಹಾಕಿದೆ. ಸೀಲಿನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗಿರಬೇಕು, ತುಟಿಗೆ ಗ್ರೀಸ್ ಸವರಬೇಕು, ಶಾಫ್ಟಿನ ಹಲ್ಲುಗಳಿಗೆ ಟೇಪ್ ಸುತ್ತಿ ತುಟಿ ಹರಿಯದಂತೆ ನೋಡಿಕೊಳ್ಳಬೇಕು. ಕೆಲವು ಎಂಜಿನ್‌ಗಳಲ್ಲಿ ಈ ಸೀಲ್ ಹೊರಗಿನಿಂದ ಬರುವುದಿಲ್ಲ, ಕೇಸನ್ನೇ ಬಿಡಿಸಬೇಕಾಗುತ್ತದೆ. ಆದ್ದರಿಂದ ಕೈ ಹಾಕುವ ಮೊದಲು ಸರ್ವಿಸ್ ಮ್ಯಾನ್ಯುವಲ್ ನೋಡುವುದು ಕ್ಷೇಮ.

ಇನ್ನು ಕೊರತೆಗಳು. ಸೆಟ್‌ನಲ್ಲಿ ಬಂದ ಟಾರ್ಚ್ ನನಗೆ ಹಿಡಿಸಲಿಲ್ಲ. ಅದು 395 ನ್ಯಾನೊಮೀಟರಿನದು. ನೇರಳೆ ಬೆಳಕೇ ಎಲ್ಲೆಡೆ ಚೆಲ್ಲಿ ತೆಳುವಾದ ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ. ಆರು ತಿಂಗಳ ನಂತರ 365 ನ್ಯಾನೊಮೀಟರಿನ ಟಾರ್ಚನ್ನು ಬೇರೆಯಾಗಿ ಕೊಂಡೆ, ಅಂದಿನಿಂದ ಹುಡುಕಾಟ ಅರ್ಧಕ್ಕರ್ಧ ಸುಲಭವಾಯಿತು. ಹಗಲಿನಲ್ಲಿ ಎರಡೂ ಕೆಲಸಕ್ಕೆ ಬಾರವು. ಪ್ರತಿ ಸಲ ಆಯಿಲ್ ಬದಲಿಸಿದಾಗ ಬಣ್ಣ ಅದರೊಂದಿಗೆ ಹೋಗುತ್ತದೆ, ಮತ್ತೆ ಹಾಕಬೇಕು. ರಿಪೇರಿಯಾದ ಮೇಲೆ ಹಳೆಯ ಹೊಳಪನ್ನು ಚೊಕ್ಕಟವಾಗಿ ಒರೆಸದಿದ್ದರೆ ಮುಂದಿನ ಸಲ ಅದೇ ದಾರಿ ತಪ್ಪಿಸುತ್ತದೆ. ನಮ್ಮ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಇದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ, ಅಂಥ ಕ್ಲಚ್‌ಗೆ ಹೊಂದುತ್ತದೆ ಎಂದು ಸೀಸೆಯ ಮೇಲೆ ಬರೆದಿರುವುದನ್ನು ಓದಿಯೇ ಬಳಸಿದೆ. ಮೂರು ವರ್ಷದಲ್ಲಿ ಕ್ಲಚ್ ಒಮ್ಮೆಯೂ ಜಾರಿಲ್ಲ.

ಸೋರಿಕೆ ನಿಲ್ಲಿಸುವ ದ್ರವವನ್ನೇ ಸುರಿದುಬಿಡಿ ಎಂದು ಹೇಳಿದವರೂ ಇದ್ದಾರೆ. ನಾನು ಸುರಿಯಲಿಲ್ಲ. ಅದು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆದುಗೊಳಿಸಬಹುದು, ಹರಿದ ಸೀಲನ್ನು ಕೂಡಿಸಲಾರದು. ಆಯಿಲ್ ಡಬ್ಬಿಯ ಮೇಲಿನ ಜಾಸೊ ಎಂಎ ಗುರುತು (ಇಂಥ ಕ್ಲಚ್‌ಗೆ ಹೊಂದುತ್ತದೆ ಎನ್ನುವ ಗುರುತು) ಆ ಆಯಿಲ್‌ಗೆ ಮಾತ್ರ. ಅದರಲ್ಲಿ ಮತ್ತೇನನ್ನೋ ಬೆರೆಸಿದಾಗ ಕ್ಲಚ್ ಹಿಡಿತದ ಭರವಸೆ ಉಳಿಯುವುದಿಲ್ಲ. ಸಂದು ಮುಚ್ಚಲು ಮೆತ್ತುವ ಸಿಲಿಕೋನ್ ಅಂಟಿನ ಬಗ್ಗೆ ನನ್ನ ಮಾತು ಇನ್ನೂ ಕಟು. ನನಗಿಂತ ಮುಂಚೆ ಯಾರೋ ಕ್ಲಚ್ ಕವರಿಗೆ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲು ಅದನ್ನು ದಪ್ಪಗೆ ಮೆತ್ತಿದ್ದರು. ಒಳಗೆ ಹಿಂಡಿಕೊಂಡ ಅಂಚುಗಳು ಹುಳುಗಳಂತೆ ಕಳಚಿ ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು. ಜಾಲರಿ ಮುಚ್ಚಿದರೆ ಪಂಪಿಗೆ ಆಯಿಲ್ ಸಿಗದೆ ಎಂಜಿನ್ನೇ ಹೋಗುತ್ತದೆ. ಒಂದು ಹನಿ ಸೋರಿಕೆ ಅದಕ್ಕಿಂತ ಎಷ್ಟೋ ಮೇಲು. ಹಳೆಯದನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆದು, ಕಾಗದದ ಪ್ಯಾಕಿಂಗ್ ಹಾಕಿ, ಬೋಲ್ಟ್‌ಗಳನ್ನು ಎದುರುಬದಿರಾಗಿ ಹಂತಹಂತವಾಗಿ ಬಿಗಿದೆ. ಮ್ಯಾನ್ಯುವಲ್ ಹೇಳುವ ಬಿಗಿತ 10 ನ್ಯೂಟನ್ ಮೀಟರ್, ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿಗೆ ಅದು ದಕ್ಕುವುದಿಲ್ಲ. ಡ್ರೇನ್ ಬೋಲ್ಟಿನ ವಾಷರನ್ನಂತೂ ಪ್ರತಿ ಸಲ ಹೊಸದೇ ಹಾಕುತ್ತೇನೆ.

ಕೊಳ್ಳುವುದಾದರೆ ಬಣ್ಣ ಮತ್ತು 365ರ ಟಾರ್ಚನ್ನು ಬಿಡಿಯಾಗಿ ಕೊಳ್ಳಿ, ಸೆಟ್ ಬೇಡ. ನನ್ನ ಬೈಕಿನ ಕೆಳಗೆ ಈಗ ಕಲೆ ಬೀಳುವುದಿಲ್ಲ. ಬೋರ್ ಮತ್ತು ಕೇಸ್ ಕೂಡುವ ಕಡೆ, ಮುಂಭಾಗದಲ್ಲಿ, ಬೆರಳುದ್ದದ ತೆಳು ಹೊಳಪು ಮಾತ್ರ ಉಳಿದಿದೆ. ಎಂಟು ತಿಂಗಳಿಂದ ಅದು ಹನಿಗಟ್ಟಿಲ್ಲ. ತಿಂಗಳಿಗೊಮ್ಮೆ ರಾತ್ರಿ ಅಲ್ಲಿಗೆ ಬೆಳಕು ಹಿಡಿದು, ಹಿಂದಿನ ತಿಂಗಳು ಚಾಕ್‌ನಲ್ಲಿ ಎಳೆದ ಗೆರೆಯನ್ನು ಹೊಳಪು ದಾಟಿದೆಯೇ ಎಂದು ನೋಡುತ್ತೇನೆ. ದಾಟಿದ ದಿನ ಬೋರ್ ಎತ್ತಿ ಗ್ಯಾಸ್ಕೆಟ್ ಬದಲಿಸುವುದು, ಅಲ್ಲಿಯವರೆಗೆ ಬೈಕ್ ಓಡುತ್ತಿರುತ್ತದೆ.