ಮರುಮಾರಾಟಕ್ಕೆ ಹಳೆಯ ಅಡುಗೆ ಪುಸ್ತಕವೋ, ಕರಕುಶಲ ಸಾಮಗ್ರಿಯೋ?

ಆನ್‌ಲೈನ್ ಮಾರಾಟಕ್ಕೆ ಹೊಸಬರಾದರೆ ಅಡುಗೆ ಪುಸ್ತಕವೇ ಸುಲಭ. ಪುಸ್ತಕದ ಮೇಲೆ ಅಚ್ಚಾಗಿರುವ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ (2007ರಿಂದ 13 ಅಂಕಿ, ಅದಕ್ಕೆ ಮುಂಚೆ 10) ಹಾಕಿ ಹುಡುಕಿದರೆ ಬೆಲೆ ನಿಂತಲ್ಲೇ ತಿಳಿಯುತ್ತದೆ. ಮಾರಾಟವಾದ ಬೆಲೆಯನ್ನಷ್ಟೇ ನಂಬಿ. ಕೇಳುವ ಬೆಲೆಯನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು. ತೊಡಕಿರುವುದು ತೂಕದಲ್ಲಿ: ದಪ್ಪ ರಟ್ಟಿನ ಪುಸ್ತಕದ ಅಂಚೆ ವೆಚ್ಚವೇ ಲಾಭ ನುಂಗಬಹುದು. ಪುಟಗಳನ್ನೂ ಪರೀಕ್ಷಿಸಿ, ಹೆಚ್ಚು ಬಳಸಿದವೇ ಕಿತ್ತುಹೋಗಿರುತ್ತವೆ. ಎಣ್ಣೆ ಕಲೆಯನ್ನು ಫೋಟೋದಲ್ಲಿ ತೋರಿಸಿ ಮಾರಬಹುದು. ಬೂಷ್ಟಿನ ವಾಸನೆ ಪಕ್ಕದ ಪುಸ್ತಕಗಳಿಗೂ ಅಂಟುತ್ತದೆ, ಅಂಥದ್ದು ಬೇಡವೇ ಬೇಡ.

ಕರಕುಶಲ ಸಾಮಗ್ರಿ ಹಗುರ, ಆದರೆ ಗುರುತಿಸುವ ಕಣ್ಣು ಬೇಕು. ನೂಲಿನ ಲೇಬಲ್‌ನಲ್ಲಿ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಸಂಖ್ಯೆ ನೋಡಿ. ಒಂದೇ ಸಂಖ್ಯೆಯ ಉಂಡೆಗಳನ್ನು ಒಟ್ಟಾಗಿಯೇ ಮಾರಿ. ಬೇರೆ ಲಾಟ್ ಬೆರೆತರೆ ಹೆಣೆದ ಸ್ವೆಟರಿನಲ್ಲಿ ಪಟ್ಟೆ ಏಳುತ್ತದೆ. ಲೇಬಲ್ ಇಲ್ಲವೇ? ಇಕ್ಕಳದಲ್ಲಿ ಚೂರು ಹಿಡಿದು ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ, ಬೂದಿ ಪುಡಿಯಾಗುತ್ತದೆ, ಕೃತಕ ನೂಲಾದ ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ನುಸಿಯ ಅನುಮಾನ ಬಂದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ −18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊಲಿಗೆ ಪ್ಯಾಟರ್ನ್‌ಗಳಲ್ಲಿ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಮಾದರಿಗಳಲ್ಲಿ) ಕತ್ತರಿಸದ್ದನ್ನೇ ಆರಿಸಿ; ಕತ್ತರಿಸಿದ್ದರೆ ಸೂಚನಾ ಹಾಳೆಗೆ ಹೋಲಿಸಿ ತುಂಡುಗಳನ್ನು ಎಣಿಸಿ. ಒಂದು ತೋಳು ಕಾಣೆಯಾಗಿದ್ದರೂ ಅದು ಕೊಂಡವರಿಗೆ ಉಪಯೋಗಕ್ಕೆ ಬಾರದು.